ತಡವಾಗಿ ನುಡಿದ ಸಾಕ್ಷಿಗಳು

ಯುದ್ಧ ಮುಗಿದು ಮೂವತ್ತು ನಲವತ್ತು ವರ್ಷಗಳಾದ ಮೇಲೆ ಒಬ್ಬ ಮಾಜಿ ಸೈನಿಕ ಬಾಯಿಬಿಟ್ಟು ಹೇಳುವ ಮಾತನ್ನು ಇತಿಹಾಸ ಬರೆಯುವವರು ಗೌರವದಿಂದ ಕೇಳುತ್ತಾರೆ, ಸುಲಭಕ್ಕೆ ನಂಬುವುದಿಲ್ಲ. ವಯಸ್ಸಾಗಿದೆ, ನೆನಪು ಮಾಸಿದೆ, ಆಮೇಲೆ ಓದಿದ್ದು, ಸಿನಿಮಾದಲ್ಲಿ ನೋಡಿದ್ದು ಎಲ್ಲವೂ ಅದರೊಳಗೆ ಬೆರೆತುಹೋಗಿದೆ ಎಂಬ ಅನುಮಾನ ಅವರದು. ಅಂದಿನದನ್ನು ಅಂದೇ ಬರೆದಿಟ್ಟ ಕಡತ, ವರದಿ, ದಿನಚರಿಗಳಿಗೆ ಮೊದಲ ಮಣೆ. ಮುದುಕರ ಮಾತಿಗೆ ಉಳಿದ ಜಾಗ. ಅಮೆರಿಕದ ಮರೀನ್ ಕೋರ್‌ನ ಮಾಜಿ ಯೋಧರು ತಮ್ಮ ಸೇವೆಯ ನೆನಪುಗಳನ್ನು ಹೇಳಿಕೊಂಡು ಬಂದ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಈ ಲೆಕ್ಕಾಚಾರ ಹಲವು ಕಡೆ ತಲೆಕೆಳಗಾಗುತ್ತದೆ. ಹಡಗಿನಿಂದ ಇಳಿದು ಶತ್ರುವಿನ ದಡಕ್ಕೆ ನುಗ್ಗುವುದೇ ಕಸುಬಾಗಿರುವ ಈ ಪಡೆ 1775ರ ನವೆಂಬರ್ 10ರಿಂದ ತನ್ನ ಹುಟ್ಟನ್ನು ಎಣಿಸುತ್ತದೆ. ಹಳೆಯದನ್ನು ನೆನೆಯುವುದನ್ನು ಇಷ್ಟು ಶ್ರದ್ಧೆಯಿಂದ ವಿಧಿಯಾಗಿ ಬೆಳೆಸಿದ ಸೇನೆಗಳು ಹೆಚ್ಚಿಲ್ಲ. ಆದರೂ ಅದರ ಸಾಮಾನ್ಯ ಸಿಪಾಯಿಗಳ ಅತ್ಯಂತ ಬೆಲೆಯುಳ್ಳ ನೆನಪುಗಳು ಹೊರಬಂದದ್ದು ದಶಕಗಳ ನಂತರ. ಈ ವಿಳಂಬಕ್ಕೆ ಮರೆವನ್ನು ದೂರುವುದು ರೂಢಿ. ನನ್ನ ವಾದ ಬೇರೆ: ನೆನಪು ಮೊದಲಿನಿಂದಲೂ ಇತ್ತು, ಕೆಲವರಿಗೆ ಸುಮ್ಮನಿರಿ ಎಂದು ಹೇಳಲಾಯಿತು, ಹಲವರನ್ನು ಯಾರೂ ಕೇಳಲೇ ಇಲ್ಲ. ಕೇಳುವವರು ತಡಮಾಡಿದ್ದಕ್ಕೆ ಹೇಳುವವನ ಸಾಕ್ಷ್ಯದ ಬೆಲೆ ಇಳಿಸುವುದು ನ್ಯಾಯವಲ್ಲ.

ಇದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಆಧಾರ ಜಗತ್ತಿಗೆಲ್ಲ ಗೊತ್ತಿರುವ ಒಂದು ಚಿತ್ರದಲ್ಲೇ ಇದೆ. 1945ರ ಫೆಬ್ರುವರಿ 19ರಂದು ಮರೀನ್‌ಗಳು ಜಪಾನಿನ ಇವೊ ಜಿಮಾ ದ್ವೀಪಕ್ಕೆ ಇಳಿದರು. 23ರಂದು ಸುರಿಬಾಚಿ ಬೆಟ್ಟದ ತುದಿಯಲ್ಲಿ ಬೆಳಗ್ಗೆ ಒಂದು ಸಣ್ಣ ಬಾವುಟ ಏರಿತು. ಸ್ವಲ್ಪ ಹೊತ್ತಿನ ನಂತರ ಅದನ್ನು ಇಳಿಸಿ ದೊಡ್ಡದೊಂದನ್ನು ಏರಿಸಿದರು. ಸುದ್ದಿಸಂಸ್ಥೆಯ ಛಾಯಾಗ್ರಾಹಕ ಜೋ ರೋಸೆಂತಾಲ್ ಹಿಡಿದದ್ದು ಈ ಎರಡನೆಯದನ್ನು. ಚಿತ್ರದಲ್ಲಿ ಆರು ಮಂದಿ ಇದ್ದಾರೆ, ಒಬ್ಬರ ಮುಖವೂ ನೆಟ್ಟಗೆ ಕಾಣುವುದಿಲ್ಲ. ಯುದ್ಧ ಸಾಲದ ಬಾಂಡ್‌ಗಳ ಮಾರಾಟಕ್ಕೆ ಆ ಆರು ಜನ ಬೇಕೆಂದು ಸರ್ಕಾರ ಅವಸರ ಮಾಡಿತು. ಬದುಕುಳಿದವರೆಂದು ಮೂವರನ್ನು ವಾಷಿಂಗ್ಟನ್‌ಗೆ ಕರೆಸಿಕೊಂಡರು. ಅವರಲ್ಲೊಬ್ಬ ಅರಿಜೋನಾದ ಪೀಮಾ ಬುಡಕಟ್ಟಿನ ಐರಾ ಹೇಯ್ಸ್. ಚಿತ್ರ ತೋರಿಸಿದಾಗ ಆತ, ಕಂಬದ ಬುಡದಲ್ಲಿ ಬಗ್ಗಿರುವವನು ಹ್ಯಾಂಕ್ ಹ್ಯಾನ್ಸನ್ ಅಲ್ಲ, ಹಾರ್ಲನ್ ಬ್ಲಾಕ್ ಎಂದು ಅಲ್ಲೇ ಹೇಳಿದ. ಇಬ್ಬರೂ ಮಾರ್ಚ್ 1ರಂದು ಅದೇ ದ್ವೀಪದಲ್ಲಿ ಸತ್ತಿದ್ದರು. ಹೆಸರುಗಳು ಆಗಲೇ ಪ್ರಕಟವಾಗಿವೆ, ಇನ್ನು ಈ ಮಾತು ಎತ್ತಬೇಡ ಎಂದು ಅಧಿಕಾರಿಯೊಬ್ಬರು ಅವನ ಬಾಯಿ ಮುಚ್ಚಿಸಿದರು. ಅತ್ತ ಟೆಕ್ಸಾಸ್‌ನ ವೆಸ್ಲಾಕೊ ಊರಿನಲ್ಲಿ ಬ್ಲಾಕ್‌ನ ತಾಯಿ, ಪತ್ರಿಕೆಯಲ್ಲಿ ಬೆನ್ನು ಮಾತ್ರ ಕಾಣುವ ಆ ಆಕೃತಿಯನ್ನು ನೋಡಿದ ದಿನದಿಂದಲೂ ಇವನು ನನ್ನ ಮಗ ಎಂದು ಹಟ ಹಿಡಿದಿದ್ದಳು. ಮನೆಯವರೇ ನಂಬಿರಲಿಲ್ಲ. ಸೇನೆಯಿಂದ ಬಿಡುಗಡೆಯಾದ ಮೇಲೆ, 1946ರಲ್ಲಿ, ಹೇಯ್ಸ್ ದಾರಿಯಲ್ಲಿ ಸಿಕ್ಕ ವಾಹನಗಳಿಗೆ ಕೈಯೊಡ್ಡುತ್ತ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಬ್ಲಾಕ್‌ನ ತಂದೆಯನ್ನು ಕಂಡು ನಿಜ ಹೇಳಿ ಬಂದ. ತಾಯಿ ತಮ್ಮ ಕ್ಷೇತ್ರದ ಸಂಸದರಿಗೆ ಬರೆದಳು, ವಿಚಾರಣೆ ನಡೆಯಿತು, 1947ರ ಜನವರಿಯಲ್ಲಿ ಮರೀನ್ ಕೋರ್ ಹೆಸರು ತಿದ್ದಿತು. ಇಲ್ಲಿ ಯಾವುದು ಸರಿ ಇತ್ತು, ಯಾವುದು ತಪ್ಪಿತ್ತು ನೋಡಿ. ಅಂದಂದೇ ಬರೆದ ಕಡತ ತಪ್ಪಿತ್ತು. ಸಿಪಾಯಿಯ ನೆನಪು ಮೊದಲ ದಿನವೇ ಸರಿಯಾಗಿತ್ತು. ಸತ್ಯ ಹೊರಬರಲು ಹಿಡಿದ ಎರಡು ವರ್ಷವನ್ನು ಹೇಯ್ಸ್‌ನ ಮರೆವಿನ ಖಾತೆಗೆ ಬರೆಯಲು ಬರುವುದಿಲ್ಲ.

ಇದಕ್ಕೆ ಎದುರಾಗಿ ಅದೇ ಚಿತ್ರವನ್ನು ತೋರಿಸಿ ಯಾರಾದರೂ ಕೇಳಬಹುದು: ಹಾಗಾದರೆ ಉಳಿದ ಹೆಸರುಗಳ ಕತೆ ಏನಾಯಿತು? ಪ್ರಶ್ನೆ ಸರಿಯಾದದ್ದು, ಜಾರಿಕೊಳ್ಳುವಂತಿಲ್ಲ. 2016ರ ಜೂನ್‌ನಲ್ಲಿ ಮರೀನ್ ಕೋರ್ ಮತ್ತೊಂದು ತಿದ್ದುಪಡಿ ಮಾಡಿತು. ಎಪ್ಪತ್ತು ವರ್ಷ ಆ ಆರು ಜನರಲ್ಲಿ ಒಬ್ಬರೆಂದು ಗೌರವ ಪಡೆದಿದ್ದ ನೌಕಾಪಡೆಯ ವೈದ್ಯಸಹಾಯಕ ಜಾನ್ ಬ್ರ್ಯಾಡ್ಲಿ ಆ ಚಿತ್ರದಲ್ಲಿ ಇರಲೇ ಇಲ್ಲ; ಅಲ್ಲಿದ್ದದ್ದು ಹೆರಾಲ್ಡ್ ಷುಲ್ಟ್ಜ್. 2019ರಲ್ಲಿ ಇನ್ನೂ ಒಂದು ಹೆಸರು ಬದಲಾಯಿತು: ರೆನೆ ಗ್ಯಾಗ್ನನ್ ಜಾಗಕ್ಕೆ ಹೆರಾಲ್ಡ್ ಕೆಲರ್ ಬಂದರು. ಎರಡೂ ತಿದ್ದುಪಡಿಗಳು ಬಂದದ್ದು ಯಾರ ಬಾಯಿಮಾತಿನಿಂದಲೂ ಅಲ್ಲ. ಹೆಲ್ಮೆಟ್‌ನ ಪಟ್ಟಿ ಹೇಗೆ ಜೋತುಬಿದ್ದಿದೆ, ಪ್ಯಾಂಟಿನ ಅಂಚು ಹೇಗಿದೆ, ಸೊಂಟದಲ್ಲಿ ಏನು ಸಿಕ್ಕಿಸಿದೆ ಎಂದು ಆ ದಿನದ ಬೇರೆ ಚಿತ್ರಗಳ ಜೊತೆ ಹೋಲಿಸಿ ನೋಡಿದ ಹವ್ಯಾಸಿ ಸಂಶೋಧಕರ ಕಣ್ಣಿನಿಂದ. ಬ್ರ್ಯಾಡ್ಲಿ ಬೆಳಗಿನ ಮೊದಲ ಬಾವುಟ ಏರಿಸಿದವರ ಗುಂಪಿನಲ್ಲಿ ನಿಜವಾಗಿಯೂ ಇದ್ದವರು. ಕೆಲವು ಗಂಟೆಗಳ ಅಂತರದಲ್ಲಿ ಒಂದೇ ಬೆಟ್ಟದ ಮೇಲೆ ನಡೆದ ಎರಡು ಘಟನೆಗಳು, ಗಾಯಗೊಂಡು ಆಸ್ಪತ್ರೆಯಲ್ಲಿದ್ದ ಮನುಷ್ಯನಲ್ಲಿ ಒಂದಾಗಿ ಹೋಗುವುದು ಅಸಾಧ್ಯವೇನಲ್ಲ. ಒಂದು ಕ್ಷಣದಲ್ಲಿ ಯಾರು ಎಲ್ಲಿ ನಿಂತಿದ್ದರು ಎಂಬ ಪ್ರಶ್ನೆಗೆ ಛಾಯಾಚಿತ್ರವೇ ಒಳ್ಳೆಯ ಸಾಕ್ಷಿ, ಇದನ್ನು ಒಪ್ಪಲೇಬೇಕು. ಆದರೆ ತಪ್ಪು ಹುಟ್ಟಿದ್ದು 1945ರ ಅವಸರದಲ್ಲಿ ಎಂಬುದನ್ನೂ ಒಪ್ಪಬೇಕು. ಪ್ರಚಾರಕ್ಕೆ ಹೆಸರು ಬೇಕಿತ್ತು, ಹೆಸರು ಸಿಕ್ಕಿತು, ಆಮೇಲೆ ಮೂರು ಜನ ಯುವಕರು ಆ ಹೆಸರಿನ ಪಟ್ಟಿಯೊಳಗೇ ಬದುಕಬೇಕಾಯಿತು. ಲಾಸ್ ಏಂಜಲೀಸ್‌ನ ಅಂಚೆ ಇಲಾಖೆಯಲ್ಲಿ ದುಡಿದ ಷುಲ್ಟ್ಜ್, ಸಾಯುವ ಕೆಲವು ವರ್ಷ ಮೊದಲು ಊಟದ ಹೊತ್ತಿನಲ್ಲಿ ಮಲಮಗಳ ಹತ್ತಿರ ತಾನು ಬಾವುಟ ಏರಿಸಿದವರಲ್ಲಿ ಒಬ್ಬನೆಂದು ಒಂದೇ ಒಂದು ಸಲ ಹೇಳಿ ಮಾತು ನಿಲ್ಲಿಸಿದರು. 1995ರಲ್ಲಿ ತೀರಿಕೊಂಡರು. ತಡವಾಗಿ, ಅರ್ಧವಾಗಿ ಬಂದ ಆ ಒಂದು ಮಾತು ನಿಜವಾಗಿತ್ತು. ಅದನ್ನು ಬರೆದುಕೊಳ್ಳುವವರು ಅಲ್ಲಿ ಇರಲಿಲ್ಲ, ಅಷ್ಟೆ.

ಮರೀನ್ ಕೋರ್ ನೆನಪುಗಳಿಗೆ ಜಾಗವೇ ಕೊಡಲಿಲ್ಲವೆಂದು ಇದರ ಅರ್ಥವಲ್ಲ. ಜಾಗ ಧಾರಾಳವಾಗಿತ್ತು, ಅದು ಯಾವ ಬಗೆಯದು ಎಂಬುದೇ ಪ್ರಶ್ನೆ. 1921ರಲ್ಲಿ ಕಮಾಂಡೆಂಟ್ ಜಾನ್ ಲೆಜೂನ್, ಪ್ರತಿ ವರ್ಷ ಹುಟ್ಟಿದ ದಿನ ಪಡೆಯ ಹಿರಿಮೆಯನ್ನು ಎಲ್ಲ ತುಕಡಿಗಳಿಗೂ ಓದಿ ಹೇಳಬೇಕೆಂದು ಆದೇಶ ಹೊರಡಿಸಿದರು. ಇವತ್ತಿಗೂ ಅದನ್ನು ಓದುತ್ತಾರೆ. ಅಂದು ಕತ್ತರಿಸುವ ಕೇಕಿನ ತುಣುಕನ್ನು ಅಲ್ಲಿರುವ ಅತಿ ಹಿರಿಯ ಮರೀನ್ ತೆಗೆದುಕೊಂಡು ಅತಿ ಕಿರಿಯನ ಕೈಗೆ ದಾಟಿಸುವ ಪದ್ಧತಿ 1950ರ ದಶಕದ ಆರಂಭದಲ್ಲಿ ನಿಯಮವಾಗಿ ನೆಲೆಯೂರಿತು. 1923ರಲ್ಲಿ ಮರೀನ್ ಕೋರ್ ಲೀಗ್, ಎರಡನೇ ಮಹಾಯುದ್ಧದ ನಂತರ ಒಂದೊಂದು ಡಿವಿಷನ್ನಿಗೂ ಒಂದೊಂದು ಸಂಘ, ವರ್ಷ ವರ್ಷ ಸಮಾವೇಶ. ಇವೆಲ್ಲ ಮಾಜಿ ಯೋಧರನ್ನು ಒಂಟಿತನದಿಂದ ಉಳಿಸಿದ ಏರ್ಪಾಟುಗಳು, ಅದನ್ನು ಸಣ್ಣದೆಂದು ನಾನು ಎಣಿಸುವುದಿಲ್ಲ. ಆದರೆ ವಿಧಿಯಾಗಿ ಬೆಳೆದ ನೆನಪಿಗೆ ಒಂದು ಅಚ್ಚು ಇರುತ್ತದೆ. ಗೆಲುವು, ಸಹನೆ, ಗೆಳೆತನ ಅದರೊಳಗೆ ಸಲೀಸಾಗಿ ಕೂರುತ್ತವೆ. ಹೇಸಿಗೆ, ಅವಮಾನ, ಅನುಮಾನ ಕೂರುವುದಿಲ್ಲ. 1966ರಲ್ಲಿ ಪಡೆಯೇ ಮೌಖಿಕ ಇತಿಹಾಸದ ವಿಭಾಗವೊಂದನ್ನು ತೆರೆದಾಗ ಅದನ್ನು ನಡೆಸಿದ ಬೆನಿಸ್ ಫ್ರ್ಯಾಂಕ್ ಸ್ವತಃ ಪೆಲೆಲಿಯು, ಒಕಿನಾವಾ ಕಾಳಗಗಳನ್ನು ಕಂಡ ಮರೀನ್. ವಿಯೆಟ್ನಾಮಿನ ರಣರಂಗದಿಂದ ಸಿಪಾಯಿಗಳ ಮಾತನ್ನು ಟೇಪಿನಲ್ಲಿ ಹಿಡಿದು ತರುವ ಕೆಲಸ ಅಲ್ಲಿ ಆಯಿತು, ಅದು ದೊಡ್ಡ ಕೊಡುಗೆ. ಆದರೆ ಹಳೆಯ ಯುದ್ಧಗಳ ಬಗ್ಗೆ ಗಂಟೆಗಟ್ಟಲೆ ಕೂರಿಸಿ ಕೇಳಿದ್ದು ಹೆಚ್ಚಾಗಿ ನಿವೃತ್ತ ಜನರಲ್‌ಗಳನ್ನೇ.

ಈ ಅಚ್ಚಿನ ಹೊರಗೆ ಉಳಿದವರಲ್ಲಿ ಮೊದಲು ನೆನೆಯಬೇಕಾದವರು ಮಾಂಟ್‌ಫರ್ಡ್ ಪಾಯಿಂಟ್‌ನ ಕಪ್ಪು ಮರೀನ್‌ಗಳು. ಅಧ್ಯಕ್ಷ ರೂಸ್‌ವೆಲ್ಟ್ 1941ರಲ್ಲಿ ಹೊರಡಿಸಿದ ಆದೇಶದ ನಂತರ, ಒಲ್ಲದ ಮನಸ್ಸಿನಿಂದ ಪಡೆ ಕಪ್ಪು ಜನರಿಗೆ ಬಾಗಿಲು ತೆರೆಯಿತು. 1942ರ ಆಗಸ್ಟ್‌ನಿಂದ 1949ರವರೆಗೆ ಸುಮಾರು ಇಪ್ಪತ್ತು ಸಾವಿರ ಮಂದಿ ನಾರ್ತ್ ಕೆರೊಲಿನಾದ ಆ ಪ್ರತ್ಯೇಕ ಶಿಬಿರದಲ್ಲಿ ತರಬೇತಿ ಪಡೆದರು. ಪಕ್ಕದಲ್ಲೇ ಇದ್ದ ಮುಖ್ಯ ಶಿಬಿರ ಕ್ಯಾಂಪ್ ಲೆಜೂನ್‌ಗೆ ಬಿಳಿಯ ಮರೀನ್ ಒಬ್ಬ ಜೊತೆಗಿಲ್ಲದೆ ಅವರು ಕಾಲಿಡುವಂತಿರಲಿಲ್ಲ. ರಜೆಯಲ್ಲಿ ಸಮವಸ್ತ್ರ ತೊಟ್ಟು ಊರಿಗೆ ಹೋದವರನ್ನು, ಕಪ್ಪು ಮರೀನ್ ಇರಲು ಸಾಧ್ಯವೇ ಇಲ್ಲ, ನೀನು ವೇಷಧಾರಿ ಎಂದು ಪೊಲೀಸರು ಹಿಡಿದ ಪ್ರಸಂಗಗಳನ್ನು ಅವರು ಮುಂದೆ ಹೇಳಿಕೊಂಡರು. ಮದ್ದುಗುಂಡು ಹೊರುವ, ಸಾಮಾನು ಇಳಿಸುವ ಕಂಪನಿಗಳಿಗೆ ಅವರನ್ನು ಹಾಕಿದರು. 1944ರ ಜೂನ್‌ನಲ್ಲಿ ಸೈಪಾನ್ ದಡದಲ್ಲಿ ಆ ಕಂಪನಿಗಳೇ ಗುಂಡಿನ ನಡುವೆ ಮದ್ದು ಹೊತ್ತವು, ಕೈಗೆ ಬಂದೂಕು ಬಂದಾಗ ಹೋರಾಡಿದವು. ಡಿವಿಷನ್ ವರದಿಯೊಂದರಲ್ಲಿ ಇಂಥ ಕಂಪನಿಗೆ ಸಿಗುವುದು ಟನ್‌ಗಳ ಲೆಕ್ಕ, ದಿನಾಂಕ, ಗಾಯಾಳುಗಳ ಸಂಖ್ಯೆ. ಶಿಬಿರದ ಗೇಟಿನ ಹತ್ತಿರ ಬಿಳಿಯ ಜೊತೆಗಾರನಿಗಾಗಿ ಕಾದು ನಿಂತ ಮನುಷ್ಯನಿಗೆ ಆ ವರದಿಯಲ್ಲಿ ಕಾಲಮ್ ಇರಲಿಲ್ಲ. 1965ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರೇ ಒಂದುಗೂಡಿ ಸಂಘ ಕಟ್ಟಿಕೊಂಡರು. ಅವರ ಮಾತುಗಳನ್ನು ಸಂದರ್ಶಿಸಿ ಜೋಡಿಸಿದ ಮೆಲ್ಟನ್ ಮೆಕ್ಲಾರಿನ್ ಅವರ ಪುಸ್ತಕ ಬಂದದ್ದು 2007ರಲ್ಲಿ. ಅಮೆರಿಕದ ಸಂಸತ್ತು ಅವರಿಗೆ ಚಿನ್ನದ ಪದಕ ಕೊಟ್ಟದ್ದು 2012ರಲ್ಲಿ. ಸಮಾರಂಭಕ್ಕೆ ಬಂದವರು ನಾಲ್ಕುನೂರರ ಆಸುಪಾಸು, ಹೆಚ್ಚಿನವರು ಎಂಬತ್ತು ದಾಟಿದವರು. ಎಪ್ಪತ್ತು ವರ್ಷ ಅವರಿಗೆ ನೆನಪು ಕೈಕೊಟ್ಟಿತ್ತು ಎನ್ನಲು ಯಾರಿಗೆ ಧೈರ್ಯವಿದೆ?

ನವಾಹೋ ಸಂಕೇತಭಾಷೆಯ ಮರೀನ್‌ಗಳ ಮೌನವಂತೂ ಆಜ್ಞೆಯ ಮೌನ. 1942ರಲ್ಲಿ 29 ಮಂದಿ ನವಾಹೋ ಯುವಕರು ತಮ್ಮ ನುಡಿಯನ್ನೇ ಬಳಸಿ ಒಂದು ಗುಪ್ತ ಸಂಕೇತ ಕಟ್ಟಿದರು. ಯುದ್ಧ ಮುಗಿಯುವ ಹೊತ್ತಿಗೆ ಅದನ್ನು ಬಳಸಿದವರು ಸುಮಾರು 400. ಇವೊ ಜಿಮಾದ ಮೊದಲ ಎರಡು ದಿನಗಳಲ್ಲಿ ಆರು ಮಂದಿ ಎಂಟುನೂರಕ್ಕೂ ಹೆಚ್ಚು ಸಂದೇಶಗಳನ್ನು ಒಂದೂ ತಪ್ಪಿಲ್ಲದೆ ದಾಟಿಸಿದರೆಂದು ಅವರ ಸಂಪರ್ಕಾಧಿಕಾರಿ ಮೇಜರ್ ಹವರ್ಡ್ ಕಾನರ್ ಹೇಳಿದ್ದಾರೆ. ಮನೆಗೆ ಹೊರಟಾಗ ಅವರಿಗೆ ಸಿಕ್ಕಿದ್ದು ಯಾರಿಗೂ ಹೇಳಬೇಡಿ ಎಂಬ ಆದೇಶ. ಅದು ತೆರವಾದದ್ದು 1968ರಲ್ಲಿ. ಆ 23 ವರ್ಷ ಅವರು ಹೆಂಡತಿ ಮಕ್ಕಳ ಮುಂದೆಯೂ ಬಾಯಿಬಿಡಲಿಲ್ಲ. ಅರಿಜೋನಾ, ನ್ಯೂ ಮೆಕ್ಸಿಕೊಗಳಲ್ಲಿ ಮೂಲನಿವಾಸಿಗಳಿಗೆ 1948ರವರೆಗೆ ಮತದಾನದ ಹಕ್ಕೂ ಇರಲಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮೊದಲ 29 ಜನರಲ್ಲಿ ಕೊನೆಯವರಾಗಿ ಉಳಿದ ಚೆಸ್ಟರ್ ನೆಜ್ ತಮ್ಮ ಆತ್ಮಕಥನ ತಂದದ್ದು 2011ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ. ಸರ್ಕಾರಿ ವಸತಿಶಾಲೆಯಲ್ಲಿ ನವಾಹೋ ಮಾತಾಡಿದ್ದಕ್ಕೆ ಬಾಯಿಗೆ ಸೋಪು ಹಾಕಿ ಉಜ್ಜಿಸಿದ್ದನ್ನು ಅವರು ಅದರಲ್ಲಿ ಹೇಳಿದ್ದಾರೆ. ಬಾಲ್ಯದಲ್ಲಿ ಯಾವ ನುಡಿಗಾಗಿ ಶಿಕ್ಷೆ ತಿಂದರೋ ಅದೇ ನುಡಿಯನ್ನು ಅದೇ ಸರ್ಕಾರ ಯುದ್ಧಕ್ಕೆ ಬೇಡಿತು ಎಂಬ ಸಂಗತಿ ಸಂಕೇತದ ಕೈಪಿಡಿಯಲ್ಲಿ ಸಿಗುವುದಿಲ್ಲ. ಅದಕ್ಕೆ ನೆಜ್ ಬಾಯಿಬಿಡಬೇಕಿತ್ತು.

ಇನ್ನು ಯೂಜೀನ್ ಸ್ಲೆಜ್. ಮರೀನ್‌ಗಳ ನೆನಪಿನ ಬರಹಗಳಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಅವರ ಪುಸ್ತಕವನ್ನು. ಅಲಬಾಮಾದ ಮೊಬೀಲ್ ನಗರದ ವೈದ್ಯರ ಮಗ, 5ನೇ ಮರೀನ್ ರೆಜಿಮೆಂಟಿನ 3ನೇ ಬೆಟಾಲಿಯನ್, ಕೆ ಕಂಪನಿಯಲ್ಲಿ 60 ಮಿಲಿಮೀಟರ್ ಮೋರ್ಟಾರ್ ಹಾರಿಸುವವ. ಪೆಲೆಲಿಯು ಎಂಬ ಹವಳದ ದ್ವೀಪಕ್ಕೆ 1944ರ ಸೆಪ್ಟೆಂಬರ್ 15ರಂದು ಇಳಿದಾಗ ಆತನಿಗೆ ಇಪ್ಪತ್ತು ವರ್ಷ. ಮೂರು ನಾಲ್ಕು ದಿನದ ಕೆಲಸ ಎಂದು ಡಿವಿಷನ್ನಿನ ದಂಡನಾಯಕ ರೂಪರ್ಟಸ್ ಎಣಿಸಿದ್ದರು. ಕಾಳಗ ಮುಗಿದದ್ದು ನವೆಂಬರ್ 27ಕ್ಕೆ. ಆ ದ್ವೀಪದ ಬಗ್ಗೆ ಪಡೆಯ ಅಧಿಕೃತ ಇತಿಹಾಸ 1950ರಲ್ಲೇ ಬಂದಿತ್ತು. ಯಾವ ಬೆಟಾಲಿಯನ್ ಯಾವ ದಿಣ್ಣೆ ಹಿಡಿಯಿತು ಎಂದು ತಿಳಿಯಲು ಇವತ್ತಿಗೂ ಅದನ್ನೇ ತೆರೆಯಬೇಕು. ಸ್ಲೆಜ್ ಕೊಡುವುದು ಬೇರೆಯದನ್ನು. 45 ಡಿಗ್ರಿ ದಾಟಿದ ಸೆಕೆಯಲ್ಲಿ ಮುಂಚೂಣಿಗೆ ಬಂದ ನೀರು, ಹಿಂದೆ ಇಂಧನ ತುಂಬಿದ್ದ ಡ್ರಮ್‌ಗಳನ್ನು ಸರಿಯಾಗಿ ತೊಳೆಯದೆ ತುಂಬಿಸಿದ್ದು. ತುಕ್ಕು ಬೆರೆತು, ಎಣ್ಣೆ ವಾಸನೆ ಹೊಡೆಯುತ್ತಿದ್ದ ಅದನ್ನು ಕುಡಿದವರ ಹೊಟ್ಟೆ ತೊಳಸಿತು, ಬೇರೆ ನೀರಿಲ್ಲದ್ದರಿಂದ ಮತ್ತೆ ಅದನ್ನೇ ಕುಡಿದರು. ಹವಳದ ನೆಲ ಅಗೆಯಲು ಬರುವುದಿಲ್ಲ. ಹೆಣ ಹೂಳಲೂ ಆಗದು, ಮಲ ಮುಚ್ಚಲೂ ಆಗದು. ಎರಡರ ಮೇಲೂ ಕೂತ ನೊಣಗಳು ಹಾರಲಾರದಷ್ಟು ಊದಿಕೊಂಡು, ಅಲುಗಾಡಿಸಿದರೂ ಊಟದ ಡಬ್ಬಿಯಿಂದ ಏಳುತ್ತಿರಲಿಲ್ಲ. ಸತ್ತ ಜಪಾನಿ ಸೈನಿಕರ ಬಾಯಿಂದ ಚಿನ್ನದ ಹಲ್ಲು ಕಿತ್ತುಕೊಳ್ಳುವುದನ್ನು ಸುತ್ತಲಿನವರು ಮಾಡುತ್ತಿದ್ದರು. ತಾನೂ ಒಂದು ದಿನ ಚಾಕು ಹಿಡಿದು ಬಗ್ಗಿದ್ದೆ ಎಂದು ಸ್ಲೆಜ್ ಬರೆಯುತ್ತಾರೆ. ಕಂಪನಿಯ ವೈದ್ಯಸಹಾಯಕ ಕ್ಯಾಸ್‌ವೆಲ್ ಬಂದು, ನಿನ್ನ ಮನೆಯವರು ಏನೆಂದುಕೊಂಡಾರು, ರೋಗಾಣು ಅಂಟೀತು ಎಂದು ತಡೆದ. ರೋಗಾಣುವಿನ ಮಾತು ನೆಪವಾಗಿತ್ತು, ತನ್ನೊಳಗಿನ ಮನುಷ್ಯನನ್ನು ಉಳಿಸಲು ಆತ ನೋಡುತ್ತಿದ್ದ ಎಂದು ಸ್ಲೆಜ್‌ಗೆ ಹೊಳೆದದ್ದು ಆಮೇಲೆ. ಆ ಹೊತ್ತಿನಲ್ಲೇ ಬರೆದ ಯಾವ ವರದಿಗೂ ಈ ತಿಳಿವಳಿಕೆ ದಕ್ಕುತ್ತಿರಲಿಲ್ಲ. ಅದಕ್ಕೆ ವರ್ಷಗಳು ಬೇಕಿದ್ದವು. ಕಾಲ ನೆನಪನ್ನು ಸವೆಸುತ್ತದೆ ಎಂಬ ಆಕ್ಷೇಪದಲ್ಲಿ ಸತ್ಯವಿದ್ದರೂ, ಕಾಲ ಕೆಲವನ್ನು ಹೇಳಬಲ್ಲಂತೆ ಮಾಡುತ್ತದೆ ಎಂಬುದೂ ಅಷ್ಟೇ ಸತ್ಯ.

ಸ್ಲೆಜ್ ಬರೀ ನೆನಪನ್ನು ನೆಚ್ಚಿ ಬರೆದವರೂ ಅಲ್ಲ. ಮುಂಚೂಣಿಯಲ್ಲಿ ದಿನಚರಿ ಬರೆಯುವುದು ನಿಷಿದ್ಧವಾಗಿತ್ತು. ಶತ್ರುವಿನ ಕೈಗೆ ಸಿಕ್ಕಿದರೆ ಸುಳಿವು ಸಿಗುತ್ತದೆಂಬ ಭಯ. ಜೇಬಿನಲ್ಲಿದ್ದ ಚಿಕ್ಕ ಬೈಬಲ್ಲಿನ ಪುಟಗಳ ನಡುವೆ ಚೀಟಿಗಳಲ್ಲಿ ಆತ ಟಿಪ್ಪಣಿ ಬರೆದಿಡುತ್ತಿದ್ದ. ಊರಿಗೆ ಮರಳಿ ಜೀವಶಾಸ್ತ್ರ ಓದಿ, ಮಾಂಟೆವಾಲೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತ, ಹೆಂಡತಿಯ ಒತ್ತಾಯದ ಮೇಲೆ ಮನೆಮಕ್ಕಳಿಗಾಗಿ ಬರೆದದ್ದು 1981ರಲ್ಲಿ ಪುಸ್ತಕವಾಯಿತು. ಅಂದರೆ ಆ ಟಿಪ್ಪಣಿಗಳೂ ಒಂದು ಕಡತವೇ, ನಿಯಮ ಮೀರಿ ಹುಟ್ಟಿದ ಕಡತ. ಕಡತ ಮೇಲೋ ನೆನಪು ಮೇಲೋ ಎಂಬ ವಾದ ಇಲ್ಲಿ ಬಿದ್ದುಹೋಗುತ್ತದೆ. ಯಾರಿಗೆ ಬರೆದಿಡಲು ಅನುಮತಿ ಇತ್ತು, ಯಾರಿಗೆ ಇರಲಿಲ್ಲ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ.

ಸಮಾವೇಶಗಳಲ್ಲಿ ಹೇಳಿ ಹೇಳಿ ಕತೆ ನಯವಾಗುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ಬಲವಿದೆ. ಹೊಳೆಯ ಕಲ್ಲಿನಂತೆ ಅದರ ಮೊನೆಗಳೆಲ್ಲ ಉದುರಿ ಗುಂಡಗಾಗುತ್ತದೆ. 1950ರ ನವೆಂಬರ್ ಕೊನೆಯಲ್ಲಿ ಉತ್ತರ ಕೊರಿಯಾದ ಚೋಸಿನ್ ಜಲಾಶಯದ ಬಳಿ ಚೀನೀ ಸೇನೆ 1ನೇ ಮರೀನ್ ಡಿವಿಷನ್ನನ್ನು ಸುತ್ತುವರಿಯಿತು; ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಹೋರಾಡುತ್ತ ಅದು ಸಮುದ್ರದ ಕಡೆಗೆ ದಾರಿ ಬಿಡಿಸಿಕೊಂಡಿತು. ಅಲ್ಲಿಂದ ಬದುಕಿ ಬಂದವರು 1983ರಲ್ಲಿ ಕಟ್ಟಿಕೊಂಡ ಸಂಘ ‘ಚೋಸಿನ್ ಫ್ಯೂ’. ಅವರ ನಡುವೆ ಎಲ್ಲರೂ ಹೇಳುವ ಒಂದು ಪ್ರಸಂಗವಿದೆ: ಮೋರ್ಟಾರ್ ಗುಂಡಿಗೆ ರೇಡಿಯೋದಲ್ಲಿ ‘ಟೂಟ್ಸಿ ರೋಲ್’ ಎಂಬ ಮಿಠಾಯಿಯ ಹೆಸರನ್ನು ಗುಟ್ಟಾಗಿ ಬಳಸುತ್ತಿದ್ದರು, ಸರಬರಾಜಿನವರು ಅದನ್ನು ನಿಜವೆಂದೇ ತಿಳಿದು ವಿಮಾನದಿಂದ ಮಿಠಾಯಿಯ ಪೆಟ್ಟಿಗೆಗಳನ್ನು ಉದುರಿಸಿದರು. ಹೇಳುವವರು ಬದಲಾದಂತೆ ವಿವರವೂ ಬದಲಾಗುತ್ತದೆ, ಕತೆ ಮಾತ್ರ ಚೆಂದವಾಗುತ್ತ ಹೋಗಿದೆ. ಈ ಪ್ರಸಂಗವನ್ನು ಇದ್ದ ಹಾಗೆಯೇ ಇತಿಹಾಸದ ಪುಸ್ತಕಕ್ಕೆ ಇಳಿಸಬಾರದು, ನಿಜ. ಆದರೆ ಅದರ ಹೊಟ್ಟೆಯಲ್ಲಿರುವ ಸಂಗತಿಯನ್ನು ನೋಡಿ: ಡಬ್ಬಿಯ ಊಟ ಕಲ್ಲಿನಂತೆ ಹೆಪ್ಪುಗಟ್ಟಿದ್ದಾಗ ಬಾಯಲ್ಲಿಟ್ಟು ಕರಗಿಸಿ ತಿನ್ನಲು ಬಂದದ್ದು ಆ ಮಿಠಾಯಿ ಮಾತ್ರ ಎಂದೂ, ಅಗಿದು ಮೆತ್ತಗೆ ಮಾಡಿ ಸೋರುವ ಕೊಳವೆಗಳಿಗೆ ಮೆತ್ತಿದರೆ ಚಳಿಗೆ ಗಟ್ಟಿಯಾಗಿ ನಿಲ್ಲುತ್ತಿತ್ತೆಂದೂ ಬೇರೆ ಬೇರೆ ಕಂಪನಿಗಳವರು ಹೇಳುತ್ತಾರೆ. ಹೊರಗಿನ ಹೊಳಪನ್ನು ಬದಿಗಿಟ್ಟು ಒಳಗಿನ ಗಟ್ಟಿಯನ್ನು ಹೆಕ್ಕುವುದು ಇತಿಹಾಸಕಾರನ ಕೆಲಸ. ಕಡತದ ಮುಂದೆಯೂ ಆತ ಮಾಡಬೇಕಾದದ್ದು ಅದನ್ನೇ; ಶತ್ರುವಿನ ಸಾವಿನ ಸಂಖ್ಯೆಯನ್ನು ಉಬ್ಬಿಸಿ ಬರೆದ ವರದಿಗಳು ವಿಯೆಟ್ನಾಮ್ ಯುದ್ಧದಲ್ಲಿ ಎಷ್ಟಿದ್ದವೆಂದು ಈಗ ಎಲ್ಲರಿಗೂ ಗೊತ್ತು.

ವಿಯೆಟ್ನಾಮಿನ ಮಾತು ಬಂದಮೇಲೆ ಇದನ್ನೂ ಹೇಳಬೇಕು. 1971ರ ಜನವರಿ ಕೊನೆಯಲ್ಲಿ ಡೆಟ್ರಾಯಿಟ್ ನಗರದಲ್ಲಿ ನೂರಕ್ಕೂ ಹೆಚ್ಚು ಮಾಜಿ ಯೋಧರು ಮೂರು ದಿನ ಸಾಲಾಗಿ ಕೂತು, ತಾವು ಕಂಡ ಮತ್ತು ಮಾಡಿದ ಕ್ರೌರ್ಯಗಳನ್ನು ಬಹಿರಂಗವಾಗಿ ಹೇಳಿದರು. ಡಿವಿಷನ್ನಿನ ಪ್ರಕಾರ ಕೂರಿಸಿದ್ದ ಆ ಸಾಲುಗಳಲ್ಲಿ 1ನೇ ಮತ್ತು 3ನೇ ಮರೀನ್ ಡಿವಿಷನ್ನಿನವರೂ ಇದ್ದರು. ಇಲ್ಲಿ ವಿಳಂಬದ ದೂರು ಎತ್ತುವಂತಿಲ್ಲ. ಯುದ್ಧ ಇನ್ನೂ ನಡೆಯುತ್ತಿತ್ತು. ಸೇವೆಯಿಂದ ಬಿಡುಗಡೆಯಾದ ಪತ್ರ ತೋರಿಸಿದವರನ್ನೇ ಮಾತಾಡಲು ಬಿಟ್ಟಿದ್ದರು. ಆದರೂ ಇವರು ನಿಜವಾದ ಸೈನಿಕರೇ ಅಲ್ಲ ಎಂಬ ಮಾತು ಎದ್ದಿತು. ಆ ಸಾಕ್ಷ್ಯಗಳ ಒಂದೊಂದು ವಿವರವೂ ಪರೀಕ್ಷೆಗೆ ಒಳಪಡಬೇಕಾದದ್ದೇ. ಆದರೆ ಗೆಲುವಿನ ನೆನಪು ಹೇಳುವವನಿಂದ ಯಾರೂ ಬಿಡುಗಡೆಪತ್ರ ಕೇಳುವುದಿಲ್ಲ. ನೆನಪು ನಂಬಲರ್ಹವೇ ಎಂಬ ಪ್ರಶ್ನೆ ಏಳುವುದು, ಬಹಳ ಸಲ, ಆ ನೆನಪು ಕೇಳುವವರಿಗೆ ಹಿತವಾಗದಿದ್ದಾಗ.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ: ಗೆದ್ದ ಕಡೆಯ ಸೈನಿಕ ಎಷ್ಟೇ ಪ್ರಾಮಾಣಿಕನಾದರೂ ಅವನ ನೆನಪು ಒಂದು ಕಡೆಯದು ತಾನೇ? ಹೌದು. 1945ರ ಏಪ್ರಿಲ್‌ನಿಂದ ಜೂನ್‌ವರೆಗೆ ನಡೆದ ಒಕಿನಾವಾ ಕಾಳಗದಲ್ಲಿ ಆ ದ್ವೀಪದ ಜನಸಂಖ್ಯೆಯ ಸುಮಾರು ನಾಲ್ಕನೇ ಒಂದು ಭಾಗ ಸತ್ತಿತು. ಮರೀನ್‌ಗಳ ನೆನಪಿನ ಬರಹಗಳಲ್ಲಿ ಆ ಊರಿನವರು ದೂರದ ನೆರಳುಗಳಂತೆ ಸುಳಿದು ಹೋಗುತ್ತಾರೆ. ಇದ್ದುದರಲ್ಲಿ ಸ್ಲೆಜ್ ಒಂದು ಗುಡಿಸಲಿನ ಒಳಗೆ ನಮ್ಮನ್ನು ಕರೆದೊಯ್ಯುತ್ತಾರೆ. ಹೊಟ್ಟೆಯ ಗಾಯ ಕೊಳೆತು ನಾರುತ್ತಿದ್ದ ಮುದುಕಿಯೊಬ್ಬಳು ಬಂದೂಕಿನ ನಳಿಕೆಯನ್ನು ತನ್ನ ಹಣೆಗೆ ಒತ್ತಿಕೊಂಡು ಕೊಲ್ಲು ಎಂದು ಸನ್ನೆ ಮಾಡಿದಳು. ಆತ ವೈದ್ಯಸಹಾಯಕನನ್ನು ಕರೆತರಲು ಓಡಿದ. ಬರುವಷ್ಟರಲ್ಲಿ ಗುಂಡಿನ ಸದ್ದು, ಇನ್ನೊಬ್ಬ ಮರೀನ್ ಅವಳನ್ನು ಕೊಂದಿದ್ದ. ಆಕೆಯ ಹೆಸರು, ಊರು, ಮನೆಯವರು ಯಾರೆಂಬುದು ಸ್ಲೆಜ್ ಹೇಳಲಾರರು, ಹೇಳಬಲ್ಲವರು ಒಕಿನಾವಾದವರೇ. 1970ರ ದಶಕದಲ್ಲಿ ಒಕಿನಾವಾ ತನ್ನ ಪ್ರಾಂತೀಯ ಇತಿಹಾಸದ ಸಂಪುಟಗಳಿಗಾಗಿ ಸಾಮಾನ್ಯ ಜನರ ಯುದ್ಧದ ಸಾಕ್ಷ್ಯಗಳನ್ನು ಸಂಗ್ರಹಿಸಿತು. ಅದೂ ಯುದ್ಧ ಮುಗಿದು ಕಾಲು ಶತಮಾನದ ನಂತರ, ತಡವಾಗಿಯೇ. ಒಂದು ಕಡೆಯ ನೆನಪಿಗೆ ಮದ್ದು ಇನ್ನೊಂದು ಕಡೆಯ ನೆನಪು. ನೆನಪನ್ನೇ ಕೈಬಿಟ್ಟರೆ ಆ ಮುದುಕಿ ಎರಡೂ ಕಡೆಯ ಇತಿಹಾಸದಿಂದ ಅಳಿಸಿಹೋಗುತ್ತಾಳೆ, ಏಕೆಂದರೆ ಅವಳ ಸಾವನ್ನು ಬರೆದುಕೊಂಡ ಸೇನಾ ಕಡತವಿಲ್ಲ. ಇವೊ ಜಿಮಾದಲ್ಲಿ ಎರಡೂ ಕಡೆಯವರು 1985ರ ಫೆಬ್ರುವರಿ 19ರಂದು ಅದೇ ದಡದಲ್ಲಿ ಎದುರಾಗಿ ನಿಂತು ಕೈ ಹಿಡಿದರು. ಅಲ್ಲಿ ನೆಟ್ಟ ಕಲ್ಲಿನ ಸಮುದ್ರದ ಕಡೆಯ ಮುಖದಲ್ಲಿ ಇಂಗ್ಲಿಷ್, ನೆಲದ ಕಡೆಯ ಮುಖದಲ್ಲಿ ಜಪಾನಿ ಬರಹವಿದೆ. ಯಾರು ಎಲ್ಲಿಂದ ಬಂದರು, ಯಾರು ಎಲ್ಲಿ ಕಾದಿದ್ದರು ಎಂಬುದಕ್ಕೆ ತಕ್ಕಂತೆ.

2000ದ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ಎಲ್ಲ ಪಡೆಗಳ ಮಾಜಿ ಯೋಧರ ನೆನಪುಗಳನ್ನು ಸಂಸತ್ ಗ್ರಂಥಾಲಯದಲ್ಲಿ ಕೂಡಿಡುವ ಯೋಜನೆ ಆರಂಭಿಸಿತು. ಇದರ ಹಿರಿಮೆ ಒಂದು ಸಣ್ಣ ನಿಯಮದಲ್ಲಿದೆ: ಸಂದರ್ಶನ ಮಾಡಲು ಇತಿಹಾಸಕಾರನೇ ಆಗಬೇಕಿಲ್ಲ, ಮೊಮ್ಮಗಳು ಮಾಡಬಹುದು, ಪಕ್ಕದ ಮನೆಯ ವಿದ್ಯಾರ್ಥಿ ಮಾಡಬಹುದು, ಧ್ವನಿಮುದ್ರಣ ಅರ್ಧ ಗಂಟೆಗೆ ಕಡಿಮೆ ಇರಬಾರದು. ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಮಾತು ಅಲ್ಲಿ ಸೇರಿದೆ. ಅರ್ಧ ಗಂಟೆಯ ಮಿತಿ ನನಗೆ ಬಹಳ ಅರ್ಥವಂತವಾಗಿ ಕಾಣುತ್ತದೆ. ಮೊದಲ ಹತ್ತು ನಿಮಿಷ ಯಾರೂ ತಮ್ಮ ಸ್ವಂತ ಮಾತು ಆಡುವುದಿಲ್ಲ. ಅಭ್ಯಾಸವಾದ ಕತೆ ಹೇಳುತ್ತಾರೆ. ಅದು ಮುಗಿದ ಮೇಲೆ ಎಣ್ಣೆ ವಾಸನೆಯ ನೀರು ನೆನಪಿಗೆ ಬರುತ್ತದೆ.

ನಮ್ಮಲ್ಲೂ, ಕೊಡಗಿನಲ್ಲಿ, ಬೆಳಗಾವಿ, ವಿಜಯಪುರದ ಊರುಗಳಲ್ಲಿ 1965ರ, 1971ರ ಯುದ್ಧ ಕಂಡವರು ಇನ್ನೂ ಇದ್ದಾರೆ. 1971ರಲ್ಲಿ ಇಪ್ಪತ್ತರ ಹುಡುಗನಾಗಿದ್ದವನಿಗೂ ಈಗ ಎಪ್ಪತ್ತು ದಾಟಿದೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಅಂಥವರೊಬ್ಬರು ಇದ್ದರೆ ಮುಂದಿನ ಭಾನುವಾರವೇ ಮೊಬೈಲಿನ ಧ್ವನಿಮುದ್ರಣ ಒತ್ತಿಟ್ಟು ಅವರೆದುರು ಕೂತುಕೊಳ್ಳಿ. ಎಷ್ಟು ಜನರನ್ನು ಹೊಡೆದಿರಿ, ಹೆದರಿಕೆಯಾಗಲಿಲ್ಲವೇ ಎಂದು ಶುರುಮಾಡಬೇಡಿ. ಕುಡಿಯಲು ನೀರು ಎಲ್ಲಿಂದ ಬರುತ್ತಿತ್ತು, ಪಕ್ಕದಲ್ಲಿ ಮಲಗುತ್ತಿದ್ದವರು ಯಾರು, ಅವರು ಈಗ ಎಲ್ಲಿದ್ದಾರೆ, ಯಾವುದನ್ನು ಯಾರಿಗೂ ಹೇಳಬೇಡಿ ಎಂದು ನಿಮಗೆ ಹೇಳಿದ್ದರು ಎಂದು ಕೇಳಿ. ಧ್ವನಿಮುದ್ರಿಕೆಗೆ ಅವರ ಹೆಸರು, ರೆಜಿಮೆಂಟು, ಊರು, ತಾರೀಖು ಬರೆದು ಜೋಪಾನವಾಗಿ ಇಡಿ. ಅವರು ಒಪ್ಪಿದರೆ ಒಂದು ಪ್ರತಿಯನ್ನು ನಿಮ್ಮ ಜಿಲ್ಲೆಯ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಕೊಡಿ.